ಗೀಲನ್-ಬಾರೆ ಸಿಂಡ್ರೋಮ್‌ನಲ್ಲಿ ಸ್ನಾಯುಗಳ ಬದಲಾವಣೆ ಮತ್ತು ನರಗಳ ಚೇತರಿಕೆ

ಗೀಲನ್-ಬಾರೆ ಸಿಂಡ್ರೋಮ್ (ಜಿಬಿಎಸ್) ಎಂಬುದು ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಬಾಹ್ಯ ನರಗಳ ಮೇಲೆ ದಾಳಿ ಮಾಡುವುದರಿಂದ ಉಂಟಾಗುವ ಉರಿಯೂತದ ನರರೋಗ. ಸಾಮಾನ್ಯವಾಗಿ ಕಾಲುಗಳಲ್ಲಿ ಆರಂಭವಾಗುವ ದೌರ್ಬಲ್ಯವು ಮೇಲ್ಮುಖವಾಗಿ ಹರಡಿ, 4 ವಾರಗಳೊಳಗೆ ಗರಿಷ್ಠ ಮಟ್ಟವನ್ನು ತಲುಪುತ್ತದೆ. ಈ ರೋಗದಲ್ಲಿ ಸ್ನಾಯುಗಳು ಸೊರಗಲು ನರಗಳ ಹಾನಿಯೇ ಕಾರಣ. ಆದ್ದರಿಂದ ಚೇತರಿಕೆಯ ಗತಿಯು ನರದ ಯಾವ ಭಾಗ ಹಾನಿಗೊಂಡಿದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಇತಿಹಾಸ

1916ರಲ್ಲಿ ಫ್ರಾನ್ಸಿನ ವೈದ್ಯರಾದ ಜಾರ್ಜ್ ಗೀಲನ್, ಜಾನ್ ಅಲೆಕ್ಸಾಂಡರ್ ಬಾರೆ ಮತ್ತು ಆಂಡ್ರೆ ಸ್ಟ್ರೋಲ್ ಇಬ್ಬರು ಸೈನಿಕರಲ್ಲಿ ಈ ರೋಗವನ್ನು ವಿವರಿಸಿದರು. ಮಿದುಳು-ಬೆನ್ನುಹುರಿ ದ್ರವದಲ್ಲಿ ಜೀವಕೋಶಗಳು ಹೆಚ್ಚದೆ ಪ್ರೋಟೀನ್ ಮಾತ್ರ ಹೆಚ್ಚಿರುವುದನ್ನು ಅವರು ಗುರುತಿಸಿದರು. ಇದು ಇಂದಿಗೂ ರೋಗನಿರ್ಣಯಕ್ಕೆ ನೆರವಾಗುತ್ತದೆ.

ನರಹಾನಿಯ ವಿಧಗಳು

ನರತಂತುವಿನಲ್ಲಿ ಸಂದೇಶವನ್ನು ಒಯ್ಯುವ ಎಳೆಯನ್ನು ಆಕ್ಸಾನ್ ಎಂದೂ ಅದರ ಹೊದಿಕೆಯನ್ನು ಮಯಲಿನ್ ಎಂದೂ ಕರೆಯುತ್ತಾರೆ. ಒಂದು ವಿಧದಲ್ಲಿ ಮುಖ್ಯವಾಗಿ ಮಯಲಿನ್ ನಾಶವಾಗುತ್ತದೆ. ಇನ್ನೊಂದರಲ್ಲಿ ಆಕ್ಸಾನ್ ನೇರವಾಗಿ ಹಾನಿಗೊಳ್ಳುತ್ತದೆ. ಎರಡನೆಯದು ಹಲವು ವೇಳೆ ಕ್ಯಾಂಪೈಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾದಿಂದ ಬರುವ ಅತಿಸಾರದ ನಂತರ ಕಾಣಿಸಿಕೊಳ್ಳುತ್ತದೆ.

ಸ್ನಾಯುಗಳಲ್ಲಿನ ಬದಲಾವಣೆಗಳು

ಮಯಲಿನ್ ಮಾತ್ರ ಹಾಳಾದಾಗ ಸಂದೇಶ ತಡೆಯಲ್ಪಟ್ಟು ಸ್ನಾಯು ದುರ್ಬಲವಾಗುತ್ತದೆ. ಆದರೆ ನರದ ಸಂಪರ್ಕ ಉಳಿದಿರುವುದರಿಂದ ಸ್ನಾಯು ಅಷ್ಟಾಗಿ ಕ್ಷಯಿಸುವುದಿಲ್ಲ. ಆಕ್ಸಾನ್ ನಾಶವಾದರೆ ಸ್ನಾಯುತಂತುಗಳು ಕೆಲವೇ ವಾರಗಳಲ್ಲಿ ಕುಗ್ಗತೊಡಗುತ್ತವೆ. ಸೂಜಿ ಬಳಸಿ ಮಾಡುವ ಇಎಂಜಿ ಪರೀಕ್ಷೆಯಲ್ಲಿ ಅವುಗಳ ತಾನೇತಾನಾದ ವಿದ್ಯುತ್ ಚಟುವಟಿಕೆ ಕಂಡುಬರುತ್ತದೆ. ಸಂಪರ್ಕವು ದೀರ್ಘಕಾಲ ಮರಳದಿದ್ದರೆ ಸ್ನಾಯುವಿನ ಸ್ಥಾನವನ್ನು ಕೊಬ್ಬು ಮತ್ತು ನಾರಿನ ಅಂಗಾಂಶಗಳು ಆಕ್ರಮಿಸುತ್ತವೆ.

ನರಗಳ ಚೇತರಿಕೆ

ಷ್ವಾನ್ ಕೋಶಗಳು ಮಯಲಿನ್ ಹೊದಿಕೆಯನ್ನು ವಾರಗಳಿಂದ ತಿಂಗಳುಗಳ ಅವಧಿಯಲ್ಲಿ ಪುನಃ ನಿರ್ಮಿಸುತ್ತವೆ. ಆಕ್ಸಾನ್ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಷ್ಟು ಮಾತ್ರ ಬೆಳೆಯುತ್ತದೆ. ಬೆನ್ನುಹುರಿಯ ಬಳಿ ತುಂಡಾದ ಆಕ್ಸಾನ್ ಸುಮಾರು 1 ಮೀಟರ್ ದೂರದ ಪಾದವನ್ನು ತಲುಪಲು 1000 ದಿನಗಳು ಬೇಕಾಗಬಹುದು. ಅಷ್ಟರಲ್ಲಿ ಸ್ನಾಯು ಪುನಶ್ಚೇತನದ ಸಾಮರ್ಥ್ಯವನ್ನು ಕಳೆದುಕೊಂಡಿರಬಹುದು. ಹಾನಿಯು ನರದ ತುದಿಗೆ ಸೀಮಿತವಾಗಿದ್ದರೆ ಚೇತರಿಕೆ ಬೇಗನೆ ಆಗುತ್ತದೆ. ಉಳಿದ ಆಕ್ಸಾನ್‌ಗಳು ಕವಲೊಡೆದು ಅನಾಥ ಸ್ನಾಯುತಂತುಗಳಿಗೆ ಸಂಪರ್ಕ ಕಲ್ಪಿಸುವುದೂ ಉಂಟು. ಇದರಿಂದ ಬಲ ಮರಳಿದರೂ ಕೆಲವರಲ್ಲಿ ಆಯಾಸವು ವರ್ಷಗಟ್ಟಲೆ ಉಳಿಯುತ್ತದೆ.

ಚಿಕಿತ್ಸೆ

ರಕ್ತನಾಳದ ಮೂಲಕ ನೀಡುವ ಇಮ್ಯುನೋಗ್ಲೋಬ್ಯುಲಿನ್ ಅಥವಾ ಪ್ಲಾಸ್ಮಾ ವಿನಿಮಯವು ರೋಗನಿರೋಧಕ ವ್ಯವಸ್ಥೆಯ ದಾಳಿಯನ್ನು ತಗ್ಗಿಸುತ್ತದೆ. ನಾಶವಾದ ಆಕ್ಸಾನ್‌ಗಳನ್ನು ಇವು ಬೆಳೆಸಲಾರವು. ಆದ್ದರಿಂದ ಚಿಕಿತ್ಸೆಯನ್ನು ಶೀಘ್ರವಾಗಿ ಆರಂಭಿಸುವುದು ಮುಖ್ಯ. ಸ್ಟೀರಾಯ್ಡ್‌ಗಳು ಈ ರೋಗದಲ್ಲಿ ಪ್ರಯೋಜನಕಾರಿಯಲ್ಲ. ಉಸಿರಾಟದ ಸ್ನಾಯುಗಳು ದುರ್ಬಲಗೊಂಡವರಿಗೆ ವೆಂಟಿಲೇಟರ್ ಅಗತ್ಯವಾಗುತ್ತದೆ. ಫಿಸಿಯೋಥೆರಪಿಯು ಕೀಲುಗಳು ಬಿಗಿದುಕೊಳ್ಳುವುದನ್ನು ತಡೆದು, ನರ ಮರಳುವವರೆಗೆ ಅಂಗಗಳನ್ನು ಚಲನೆಗೆ ಸಿದ್ಧವಾಗಿರಿಸುತ್ತದೆ.