ಹೆತ್ತವರ ತರಬೇತಿಯ ಮೂಲಕ ಮಕ್ಕಳ ನಡವಳಿಕೆ ಚಿಕಿತ್ಸೆ: ವಿರಾಜಪೇಟೆಯ ಕುಟುಂಬಗಳ ಹಿನ್ನೆಲೆಯಲ್ಲಿ

ಹಟ, ಹೊಡೆದಾಟ, ಮಾತು ಕೇಳದಿರುವಿಕೆ ಎಳೆಯ ಮಕ್ಕಳಲ್ಲಿ ಸಹಜವಾದವು. ಅವು ಬಹುಕಾಲ ಮುಂದುವರಿದು ಮನೆ, ಶಾಲೆಗಳೆರಡನ್ನೂ ಬಾಧಿಸಿದಾಗ ಮಾತ್ರ ಚಿಕಿತ್ಸೆಯ ವಿಷಯವಾಗುತ್ತವೆ. ಎರಡರಿಂದ ಏಳು ವರ್ಷದೊಳಗಿನ ಇಂಥ ಮಕ್ಕಳಿಗಾಗಿ ಅಮೆರಿಕದ ಮನೋವಿಜ್ಞಾನಿ ಶೀಲಾ ಐಬರ್ಗ್ 1970ರ ದಶಕದಲ್ಲಿ ರೂಪಿಸಿದ ಪದ್ಧತಿಯಲ್ಲಿ ತರಬೇತಿ ದೊರೆಯುವುದು ಹೆತ್ತವರಿಗೆ. ತಾಯಿಯೋ ತಂದೆಯೋ ಮಗುವಿನೊಡನೆ ಆಡುತ್ತಿರುವಾಗ ಚಿಕಿತ್ಸಕರು ಒಂದು ಬದಿಯಿಂದ ಮಾತ್ರ ಕಾಣುವ ಗಾಜಿನ ಹಿಂದೆ ಕುಳಿತು, ಕಿವಿಗೆ ತೊಡಿಸಿದ ಸಾಧನದ ಮೂಲಕ ಆ ಕ್ಷಣಕ್ಕೆ ತಕ್ಕ ಸೂಚನೆ ನೀಡುತ್ತಾರೆ. ಮೊದಲ ಹಂತದಲ್ಲಿ ಆಟ ಮಗುವಿನ ಇಚ್ಛೆಯಂತೆ ಸಾಗುತ್ತದೆ. ಹೆತ್ತವರು ಪ್ರಶ್ನೆ, ಟೀಕೆಗಳನ್ನು ಬಿಟ್ಟು, ಮೆಚ್ಚಿದ್ದು ಯಾವುದನ್ನು ಎಂದು ಹೆಸರಿಸಿಯೇ ಹೊಗಳಬೇಕು. ಎರಡನೆಯ ಹಂತದಲ್ಲಿ ಸ್ಪಷ್ಟವಾದ ಒಂದು ಆಜ್ಞೆ. ಎಚ್ಚರಿಸಿದರೂ ಪಾಲಿಸದಿದ್ದರೆ ಹೊಡೆಯದೆ ಕೆಲಹೊತ್ತು ಕುರ್ಚಿಯಲ್ಲಿ ಕೂರಿಸುವುದು. ಮನೆಯಲ್ಲಿ ದಿನಕ್ಕೆ 5 ನಿಮಿಷದ ಆಟದ ಅಭ್ಯಾಸವೂ ಇದರ ಭಾಗ.

ಈ ಪದ್ಧತಿ ತಂದೆತಾಯಿ ಮತ್ತು ಮಗು ಮಾತ್ರವಿರುವ ಮನೆಯನ್ನು ಗ್ರಹಿಸಿಕೊಂಡದ್ದು. ಒಕ್ಕ, ಐನ್‌ಮನೆ, ಪಟ್ಟೆದಾರರ ಪರಂಪರೆಯ ವಿರಾಜಪೇಟೆ ಸೀಮೆಯಲ್ಲಿ ಕುಟುಂಬಗಳು ಇಂದು ಬೇರೆಬೇರೆ ಮನೆಗಳಲ್ಲಿದ್ದರೂ ಮಗುವಿನ ವಿಚಾರದಲ್ಲಿ ಹಿರಿಯರ ಮಾತು ಸುಲಭವಾಗಿ ಬದಿಗೆ ಸರಿಯುವಂಥದಲ್ಲ. ಕುರ್ಚಿಯಲ್ಲಿ ಕೂತ ಮೊಮ್ಮಗನನ್ನು ಅಜ್ಜಿ ಎತ್ತಿಕೊಂಡ ಕ್ಷಣವೇ ತಾಯಿ ಕಲಿತ ಪಾಠ ನಿಷ್ಫಲವಾಗುತ್ತದೆ. ಮೇಲಾಗಿ, ಅತ್ತೆಯೆದುರು ಸೊಸೆ ಅದನ್ನು ಪ್ರಶ್ನಿಸುವುದೂ ಕಷ್ಟ. ಆದ್ದರಿಂದ ಇಲ್ಲಿ ಅಜ್ಜಿಯನ್ನೂ ಆಟದ ಕೋಣೆಗೆ ಕರೆತರುವುದು ಅನಿವಾರ್ಯವೆಂದು ಈ ಲೇಖಕನ ಅಭಿಪ್ರಾಯ. ಇಂಥ ಮಾರ್ಪಾಡು ಪದ್ಧತಿಗೆ ಹೊರತಾದುದಲ್ಲ. ಕ್ಯಾಲಿಫೋರ್ನಿಯಾದ ಮೆಕ್ಸಿಕೋ ಮೂಲದ ಕುಟುಂಬಗಳಿಗೆ ಇದನ್ನು ಅಳವಡಿಸಿದ ಸಂಶೋಧಕರು ಬಂಧುಗಳನ್ನು ಒಳಗೊಂಡದ್ದಲ್ಲದೆ, ಅದೇ ಕುರ್ಚಿಯನ್ನು ಹೆತ್ತವರ ಮನೋಭಾವಕ್ಕನುಗುಣವಾಗಿ ಕೆಲವರಿಗೆ ‘ಶಿಕ್ಷೆಯ ಕುರ್ಚಿ’ ಎಂದೂ ಕೆಲವರಿಗೆ ‘ಯೋಚಿಸುವ ಕುರ್ಚಿ’ ಎಂದೂ ಪರಿಚಯಿಸಿದರು.

ಭಾರತದಲ್ಲಿ ಕುಟುಂಬವನ್ನು ಚಿಕಿತ್ಸೆಯ ಪಾಲುದಾರನಾಗಿಸಿದ್ದು ಹೊಸತಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಬಂಧುಗಳನ್ನು ಆವರಣದ ಡೇರೆಗಳಲ್ಲೇ ಇರಿಸಿಕೊಂಡಿದ್ದರು. 1974ರಲ್ಲಿ ಈಗಿನ ಸ್ವರೂಪ ಪಡೆದ ಬೆಂಗಳೂರಿನ ನಿಮ್ಹಾನ್ಸ್ ಈ ಧೋರಣೆಯನ್ನು ಬೆಳೆಸಿತು. ಆದರೆ ವಿರಾಜಪೇಟೆಯಿಂದ ಇನ್ನೂರು ಕಿಲೋಮೀಟರಿಗೂ ದೂರದ ಆ ಸಂಸ್ಥೆಗೆ ಪ್ರತಿವಾರ ಹೋಗಿಬರುವುದು ಅನುಕೂಲಸ್ಥರಿಗೂ ಪ್ರಯಾಸಕರ. ತೋಟದ ಲೈನ್‌ಮನೆಗಳ ತಾಯಂದಿರಿಗಂತೂ ಒಂದು ಭೇಟಿಯೆಂದರೆ ಒಂದೆರಡು ದಿನದ ಕೂಲಿಯ ನಷ್ಟ; ರೊಬಸ್ಟಾ ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಆ 5 ನಿಮಿಷವೂ ದುರ್ಲಭ. ಅಲ್ಲಿನ ಮಗುವಿಗೆ ನಿತ್ಯ ಹತ್ತಿರವಿರುವ ತರಬೇತುದಾರಳು ಅಂಗನವಾಡಿ ಕಾರ್ಯಕರ್ತೆಯೇ ಆಗಬೇಕಾಗುತ್ತದೆ.