ಲಾರ್ಡ್ ಮಿಂಟೊ ಒಬ್ಬರಲ್ಲ

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹತ್ತಿರ ಇರುವ ಮಿಂಟೊ ಕಣ್ಣಾಸ್ಪತ್ರೆಯನ್ನು ಕೇಳರಿಯದ ಕನ್ನಡಿಗರು ಕಡಿಮೆ. ಆದರೆ ಆ ಮಿಂಟೊ ಯಾರು ಎಂಬ ಪ್ರಶ್ನೆ ಬಂದಾಗ ಒಂದು ಶತಮಾನದ ಅಂತರದಲ್ಲಿ ಬದುಕಿದ ಇಬ್ಬರು ಕಲಸಿಹೋಗಿ ಒಬ್ಬರಾಗಿಬಿಡುತ್ತಾರೆ. ರಣಜಿತ್ ಸಿಂಗರೊಡನೆ ಅಮೃತಸರದ ಒಪ್ಪಂದವಾದಾಗ ಗವರ್ನರ್ ಜನರಲ್ ಆಗಿದ್ದವರು ಲಾರ್ಡ್ ಮಿಂಟೊ. ಮಾರ್ಲೆ-ಮಿಂಟೊ ಸುಧಾರಣೆ ತಂದವರೂ ಲಾರ್ಡ್ ಮಿಂಟೊ. ಇಬ್ಬರೂ ಒಬ್ಬರೇ ಎಂದುಕೊಳ್ಳುವುದು ತಪ್ಪು. ಒಪ್ಪಂದ ಆದದ್ದು 1809ರಲ್ಲಿ, ಸುಧಾರಣೆಯ ಕಾಯ್ದೆ ಬಂದದ್ದು 1909ರಲ್ಲಿ.

ಗೊಂದಲಕ್ಕೆ ಕಾರಣವೂ ಇದೆ. ಇಬ್ಬರ ಹೆಸರೂ ಗಿಲ್ಬರ್ಟ್ ಎಲಿಯಟ್, ಇಬ್ಬರೂ ಕಲ್ಕತ್ತೆಯಲ್ಲಿ ಕುಳಿತು ಭಾರತವನ್ನು ಆಳಿದವರು. ಮೊದಲನೆಯವರ ಅವಧಿ 1807ರಿಂದ 1813, ಎರಡನೆಯವರದು 1905ರಿಂದ 1910. ಇವರನ್ನು ತಂದೆ-ಮಗ ಎಂದುಕೊಳ್ಳುವುದೂ ಸರಿಯಲ್ಲ. ಮೊದಲನೆಯವರಿಗೆ ಎರಡನೆಯವರು ಮರಿಮಗ. ಮನೆತನದ ಮೂಲ ಸ್ಕಾಟ್ಲೆಂಡಿನ ದಕ್ಷಿಣ ಗಡಿಸೀಮೆಯ ಮಿಂಟೊ ಎಂಬ ಊರು. ಅಲ್ಲಿ 17ನೇ ಶತಮಾನದಿಂದ ಸತತ ಐದು ತಲೆಮಾರು ಮನೆತನದ ಯಜಮಾನನ ಹೆಸರು ಗಿಲ್ಬರ್ಟ್ ಎಂದೇ ನಡೆದುಬಂತು.

ಇನ್ನೂ ಹೆಚ್ಚು ದಾರಿ ತಪ್ಪಿಸುವುದು ಹೆಸರಿನ ಜೊತೆಗೆ ಬರುವ ಸಂಖ್ಯೆ. ಮರಿಮಗ ಮಿಂಟೊ ಮನೆತನದ ‘ನಾಲ್ಕನೆಯ ಅರ್ಲ್’; ಹಾಗೆಂದರೆ ನಾಲ್ಕನೆಯ ಗಿಲ್ಬರ್ಟ್ ಎಂದು ಅನೇಕರು ಎಣಿಸುತ್ತಾರೆ. 1913ರಲ್ಲಿ ಕಣ್ಣಾಸ್ಪತ್ರೆಯ ಈಗಿನ ಕಟ್ಟಡ ಆರಂಭವಾದಾಗ ಮೈಸೂರನ್ನು ಆಳುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರನ್ನೇ ನೋಡಿ: ಆ ಹೆಸರಿನ ನಾಲ್ಕನೆಯ ಅರಸರಾದ್ದರಿಂದ ಅವರು ನಾಲ್ವಡಿ. ಬ್ರಿಟಿಷ್ ಕುಲೀನರ ಲೆಕ್ಕ ಹಾಗಲ್ಲ. ಅಲ್ಲಿ ಎಣಿಸುವುದು ಹೆಸರನ್ನಲ್ಲ, ಬಿರುದನ್ನು ಪಡೆದವರನ್ನು. ಮೂರನೆಯ ಅರ್ಲ್ ಆಗಿದ್ದವರ ಹೆಸರು ವಿಲಿಯಂ. ಗಿಲ್ಬರ್ಟರ ಸರಪಳಿ ಅಲ್ಲಿ ತುಂಡಾಯಿತು, ಎಣಿಕೆ ಮಾತ್ರ ನಿಲ್ಲಲಿಲ್ಲ. ಒಂದೇ ಮನೆತನದಲ್ಲಿ ಎರಡು ಬಿರುದುಗಳಿದ್ದರೆ ಎರಡು ಎಣಿಕೆಗಳು. 1751ರಲ್ಲಿ ಹುಟ್ಟಿದ ಗಿಲ್ಬರ್ಟ್ ಎಲಿಯಟ್ ಬ್ಯಾರೊನೆಟ್‌ಗಳ ಸಾಲಿನಲ್ಲಿ ನಾಲ್ಕನೆಯವರು, ಅರ್ಲ್‌ಗಳ ಸಾಲಿನಲ್ಲಿ ಮೊದಲನೆಯವರು. ‘ನಾಲ್ಕನೆಯ’ ಎಂಬುದನ್ನಷ್ಟೇ ಹಿಡಿದು ಹೊರಟರೆ ಮುತ್ತಜ್ಜನ ಬಳಿಗೂ ಹೋಗಬಹುದು, ಮರಿಮಗನ ಬಳಿಗೂ ಹೋಗಬಹುದು.

ಇದೇ ಮನೆತನದ ಮೊದಲ ಇಬ್ಬರು ಬ್ಯಾರೊನೆಟ್‌ಗಳನ್ನೂ ‘ಲಾರ್ಡ್ ಮಿಂಟೊ’ ಎಂದು ಕರೆಯುತ್ತಿದ್ದರು. ಅವರು ಸ್ಕಾಟ್ಲೆಂಡಿನ ಉಚ್ಚ ನ್ಯಾಯಾಲಯದ ನ್ಯಾಯಾಧೀಶರು. ಅದು ಹುದ್ದೆಯೊಂದಿಗೆ ಬರುವ ಗೌರವನಾಮ, ವಂಶಪಾರಂಪರ್ಯವಾಗಿ ಬರುವ ಬಿರುದಲ್ಲ.

ಹಿರಿಯ ಮಿಂಟೊ ಭಾರತದ ವೈಸ್‌ರಾಯ್ ಆಗಿದ್ದರು ಎಂಬ ಮಾತೂ ತಪ್ಪು. ಆ ಪದವಿ ಇಲ್ಲಿಗೆ ಬಂದದ್ದೇ 1858ರಲ್ಲಿ. ಅವರು ವೈಸ್‌ರಾಯ್ ಆಗಿದ್ದದ್ದು ನಿಜ, ಆದರೆ 1794ರಿಂದ 1796ರವರೆಗೆ, ಮೆಡಿಟರೇನಿಯನ್ ಸಮುದ್ರದ ಕಾರ್ಸಿಕಾ ದ್ವೀಪದಲ್ಲಿ!

ಆಸ್ಪತ್ರೆಯ ಹೆಸರು ಮರಿಮಗನದು. ಹಾಗೆಂದು ಆಸ್ಪತ್ರೆಯನ್ನು ಮಿಂಟೊ ಕಟ್ಟಿಸಿದರು ಎನ್ನಬಾರದು. ಅದು ಮೈಸೂರು ಸಂಸ್ಥಾನದ ಕೆಲಸ. ಹೆಸರು ಭಾರತದ ವೈಸ್‌ರಾಯ್ ಆಗಿದ್ದ ಆ ಮರಿಮಗನಿಗೆ ಸಂದ ಗೌರವ. ಕಟ್ಟಿಸಿದ ಕೀರ್ತಿ ಸಂಸ್ಥಾನಕ್ಕೇ ಸಲ್ಲಬೇಕು.

ನಮ್ಮ ನೆಲದ ಇತಿಹಾಸದಲ್ಲಿ ಮುತ್ತಜ್ಜನ ಕಾಲಕ್ಕೆ ಸೇರಿದ್ದು ಬೇರೆಯೇ ಪ್ರಸಂಗ, ಅದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. 1809ರಲ್ಲಿ ಮದ್ರಾಸ್ ಸೈನ್ಯದ ಯುರೋಪಿಯನ್ ಅಧಿಕಾರಿಗಳು ತಮ್ಮದೇ ಸರ್ಕಾರದ ವಿರುದ್ಧ ದಂಗೆ ಎದ್ದರು. ಡೇರೆಗಳ ಗುತ್ತಿಗೆಯಿಂದ ಬರುತ್ತಿದ್ದ ಆದಾಯ ನಿಂತುಹೋದದ್ದು ಅವರ ಸಿಟ್ಟಿನ ಕಾರಣಗಳಲ್ಲೊಂದು. ದಂಗೆಕೋರರು ಶ್ರೀರಂಗಪಟ್ಟಣದ ಕೋಟೆಯನ್ನು ವಶಪಡಿಸಿಕೊಂಡರು. ಅವರನ್ನು ಕೂಡಿಕೊಳ್ಳಲು ಚಿತ್ರದುರ್ಗದಿಂದ ಹೊರಟ ಪಡೆಗಳನ್ನು ಸರ್ಕಾರದ ಸೈನ್ಯದ ಜೊತೆಗೆ ಮೈಸೂರಿನ ಕುದುರೆ ಸವಾರರೂ ಎದುರಿಸಿದರು. ಅಧಿಕಾರಿಗಳ ಜಗಳದಲ್ಲಿ ಪ್ರಾಣ ತೆತ್ತವರು ಸಿಪಾಯಿಗಳು. ಆ ಸೆಪ್ಟೆಂಬರ್‌ನಲ್ಲಿ ಗವರ್ನರ್ ಜನರಲ್ ಮಿಂಟೊ ಮದ್ರಾಸಿಗೆ ಬರುವ ವೇಳೆಗೆ ದಂಗೆ ಅಡಗಿತ್ತು; ಹೆಚ್ಚಿನವರನ್ನು ಅವರು ಕ್ಷಮಿಸಿದರು. ಆಗ ಅವರಿನ್ನೂ ಬ್ಯಾರನ್. ಅರ್ಲ್ ಪದವಿ ಸಿಕ್ಕಿದ್ದು 1813ರಲ್ಲಿ, ಮರುವರ್ಷವೇ ತೀರಿಕೊಂಡರು.

ಪಠ್ಯಪುಸ್ತಕ, ಪ್ರಶ್ನೋತ್ತರ ಪುಸ್ತಕಗಳನ್ನು ಬರೆಯುವವರಲ್ಲಿ ಒಂದು ಕೋರಿಕೆ: ‘ಲಾರ್ಡ್ ಮಿಂಟೊ’ ಎಂದು ಬರೆದಲ್ಲೆಲ್ಲ ಪಕ್ಕದಲ್ಲಿ ಅವರ ಆಡಳಿತದ ಇಸವಿಗಳನ್ನೂ ದಯವಿಟ್ಟು ಹಾಕಿ.