ಓಡಿ ಬಂದು ಗುರಿ ಇಡುವ ಆಟ: ಕೈಲ್ ಪೊಳ್ದ್ ಮೈದಾನದಿಂದ ಬಯಾಥ್ಲಾನ್ ಪರ್ಸ್ಯೂಟ್‌ವರೆಗೆ

ಕೊಡಗಿನಿಂದ ಮಾತಾಡ್ತಿದ್ದೀನಿ. ಹಿಂದೆ ಮಳೆ ಸದ್ದು ಕೇಳಿಸಿದರೆ ಅದು ಎಫೆಕ್ಟ್ ಅಲ್ಲ, ನಮ್ಮ ಮನೆ ಹೆಂಚಿನ ಮೇಲೆ ಬೀಳ್ತಿರೋ ನಿಜವಾದ ಮಳೆ. ಇವತ್ತಿನ ವಿಷಯ ಮಾತ್ರ ಹಿಮದ ಮೇಲಿನದ್ದು: ಬಯಾಥ್ಲಾನ್. ಅದರಲ್ಲೂ ಪುರುಷರ ಪರ್ಸ್ಯೂಟ್ ಅನ್ನೋ ಒಂದು ರೇಸ್. "ನಮಗೂ ಅದಕ್ಕೂ ಏನು ಸಂಬಂಧ" ಅಂತ ಮುಂದಿನ ಎಪಿಸೋಡ್‌ಗೆ ಹೋಗಬೇಡಿ. ಸಂಬಂಧ ಇದೆ, ಮತ್ತು ಅದು ಶುರುವಾಗೋದು ನಾನು ಮಾನ ಕಳಕೊಂಡ ಒಂದು ಮಧ್ಯಾಹ್ನದಿಂದ.

ಕಳೆದ ಸೆಪ್ಟೆಂಬರ್, ಕೈಲ್ ಪೊಳ್ದ್ ಹಬ್ಬ. ಹೊರಗಿನವರಿಗೆ ಎರಡು ಮಾತು: ಗದ್ದೆ ನಾಟಿ ಮುಗಿದ ಮೇಲೆ ಕೋವಿ, ಕತ್ತಿಗಳನ್ನು ಒರೆಸಿ, ತೋಕ್ ಪೂ ಇಟ್ಟು ಪೂಜೆ ಮಾಡುವ ಹಬ್ಬ ಇದು. ಕಡಂಬುಟ್ಟು, ಪಂದಿ ಕರಿ ಊಟ. ಆಮೇಲೆ ಊರಿನ ಮೈದಾನದಲ್ಲಿ ಓಟ, ಹಗ್ಗಜಗ್ಗಾಟ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ನಾನು ಓಟದಲ್ಲಿದ್ದೆ. ಓಡಿ ಮುಗಿಸಿ ಬಗ್ಗಿ ಮೊಣಕಾಲು ಹಿಡಿದು ನಿಂತಿದ್ದೇನೆ, ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕರೆದರು, ಗುಂಡು ಹೊಡೆಯೋಕೆ. ಹೋದೆ. ಕೋವಿ ಹೆಗಲಿಗೆ ಇಟ್ಟೆ. ನನ್ನ ಎದೆ ಬಡಿದ ಹಾಗೆಲ್ಲ ಕೋವಿಯ ತುದಿ ತೆಂಗಿನಕಾಯಿಯ ಮೇಲಕ್ಕೂ ಕೆಳಕ್ಕೂ ಕುಣೀತಾ ಇತ್ತು. ಹೊಡೆದೆ. ಕಾಯಿ ಅಲ್ಲಾಡಲಿಲ್ಲ, ಜನ ನಕ್ಕರು.

ದೊಡ್ಡಪ್ಪ ಬಂದು ಬೆನ್ನು ತಟ್ಟಿ ಹೇಳಿದ್ದು ಇಷ್ಟೇ: "ಉಸಿರು ಕೂರೋ ತನಕ ಕಾಯೋದಲ್ವಾ? ಕಾಯಿ ಎಲ್ಲಿಗೆ ಓಡಿ ಹೋಗುತ್ತೆ?"

ಸರಿಯಾದ ಮಾತು. ಆದರೆ ಅದೇ ಚಳಿಗಾಲದಲ್ಲಿ ಫೋನಿನಲ್ಲಿ ಪರ್ಸ್ಯೂಟ್ ರೇಸ್ ಒಂದನ್ನು ನೋಡಿದಾಗ ಅನ್ನಿಸಿತು: ಕಾಯಿ ಓಡಿ ಹೋಗಲ್ಲ, ಪಕ್ಕದವನು ಓಡಿ ಹೋಗ್ತಾನೆ. ಆಗ ಎಷ್ಟು ಹೊತ್ತು ಕಾಯಬಹುದು? ಇಡೀ ಪರ್ಸ್ಯೂಟ್ ಇರೋದು ಈ ಒಂದು ಪ್ರಶ್ನೆಯ ಮೇಲೆ.

ಆಟ ಹೇಗೆ?

ಬಯಾಥ್ಲಾನ್ ಅಂದರೆ ಬೆನ್ನಿಗೆ ರೈಫಲ್ ಹಾಕಿಕೊಂಡು ಹಿಮದ ಮೇಲೆ ಸ್ಕೀ ಮಾಡೋದು, ನಡುನಡುವೆ ನಿಂತು ಗುರಿ ಹೊಡೆಯೋದು. ರೈಫಲ್ .22 ಬೋರಿನದು, ನಮ್ಮ ತೆಂಗಿನಕಾಯಿ ಸ್ಪರ್ಧೆಗಳಲ್ಲಿ ಒಂದು ವಿಭಾಗ ಇರುತ್ತಲ್ಲ, ಅದೇ ಅಳತೆ. ತೂಕ ಕಡಿಮೆ ಅಂದರೂ ಮೂರೂವರೆ ಕಿಲೋ ಇರಬೇಕು. ಗುರಿ 50 ಮೀಟರ್ ದೂರ, ಒಂದು ಸಾಲಿನಲ್ಲಿ ಐದು. ಮಲಗಿ ಹೊಡೆಯುವಾಗ ತಾಗಬೇಕಾದ ಜಾಗದ ಅಗಲ 45 ಮಿಲಿಮೀಟರ್, ಒಂದು ನಿಂಬೆಹಣ್ಣಿನಷ್ಟು. ನಿಂತು ಹೊಡೆಯುವಾಗ 115 ಮಿಲಿಮೀಟರ್, ಹೆಚ್ಚುಕಮ್ಮಿ ಸುಲಿದ ತೆಂಗಿನಕಾಯಿಯಷ್ಟು. ಹಾಗಾಗಿ ನಿಂತು ಹೊಡೆಯೋದು ಸುಲಭ ಅಂದುಕೊಳ್ಳಬೇಡಿ. ಮಲಗಿದಾಗ ಭೂಮಿ ನಿಮ್ಮನ್ನು ಹಿಡಿದಿರುತ್ತೆ, ನಿಂತಾಗ ಕಾಲೂ ನಡುಗುತ್ತೆ.

ಇನ್ನು ಪರ್ಸ್ಯೂಟ್. ಮೊದಲು ಸ್ಪ್ರಿಂಟ್ ಅಂತ 10 ಕಿಲೋಮೀಟರ್ ರೇಸ್ ನಡೆಯುತ್ತೆ. ಒಬ್ಬೊಬ್ಬರಾಗಿ ಹೊರಡ್ತಾರೆ, ಗಡಿಯಾರದ ವಿರುದ್ಧ ಓಡ್ತಾರೆ. ಅದರಲ್ಲಿ ಮೊದಲ 60 ಜನ ಮಾತ್ರ ಪರ್ಸ್ಯೂಟ್‌ಗೆ. ಸ್ಪ್ರಿಂಟ್ ಗೆದ್ದವನು ಮೊದಲು ಹೊರಡ್ತಾನೆ. ಅವನಿಗಿಂತ 20 ಸೆಕೆಂಡ್ ಹಿಂದೆ ಮುಗಿಸಿದವನು ಇಲ್ಲೂ 20 ಸೆಕೆಂಡ್ ತಡವಾಗಿ ಹೊರಡಬೇಕು. ನಾನು ಓದಿದ್ದು ಕಾಮರ್ಸ್, ಅದಕ್ಕೆ ನನಗೆ ಇದು ಹೀಗೆ ಕಾಣುತ್ತೆ: ಸ್ಪ್ರಿಂಟಿನ ಬಾಕಿ ಪರ್ಸ್ಯೂಟಿನ ಓಪನಿಂಗ್ ಬ್ಯಾಲೆನ್ಸ್. ಇದರಿಂದ ನೋಡುವವರಿಗೆ ಒಂದು ದೊಡ್ಡ ಅನುಕೂಲ ಇದೆ. ಯಾವ ಲೆಕ್ಕವೂ ಬೇಡ, ಮೊದಲು ಗೆರೆ ದಾಟಿದವನೇ ಗೆದ್ದ.

ಪುರುಷರಿಗೆ ದೂರ 12.5 ಕಿಲೋಮೀಟರ್, ಎರಡೂವರೆ ಕಿಲೋಮೀಟರಿನ ಐದು ಸುತ್ತು. ನಡುವೆ ನಾಲ್ಕು ಸಲ ಶೂಟಿಂಗ್: ಎರಡು ಸಲ ಮಲಗಿ, ಎರಡು ಸಲ ನಿಂತು. ಒಟ್ಟು 20 ಗುಂಡು. ಒಂದು ತಪ್ಪಿದರೆ 150 ಮೀಟರಿನ ದಂಡದ ಸುತ್ತು, ಅಂದರೆ ಪೆನಾಲ್ಟಿ ಲೂಪ್. ಅದಕ್ಕೆ ಸುಮಾರು 22ರಿಂದ 25 ಸೆಕೆಂಡ್ ಹೋಗುತ್ತೆ. ಮುಂದಿದ್ದವರು ಒಂದು ಪೂರ್ತಿ ಸುತ್ತು ಹಾಕಿ ನಿಮ್ಮನ್ನು ಹಿಂದೆ ಹಾಕಿದರೆ ನೀವು ಆಟದಿಂದ ಹೊರಗೆ.

ಪರ್ಸ್ಯೂಟ್ ಈ ಆಟದಲ್ಲಿ ಹೊಸದು. ಹಿಮದ ಮೇಲೆ ಗಸ್ತು ತಿರುಗುವ ಸೈನಿಕರ ಸ್ಪರ್ಧೆಯೊಂದು 1924ರ ಶಾಮೊನಿ ಚಳಿಗಾಲದ ಒಲಿಂಪಿಕ್ಸ್‌ನಲ್ಲೇ ಇತ್ತು. ಬಯಾಥ್ಲಾನ್ ಅನ್ನೋ ಹೆಸರಲ್ಲಿ ಒಲಿಂಪಿಕ್ಸ್‌ಗೆ ಬಂದಿದ್ದು 1960ರಲ್ಲಿ. ಪರ್ಸ್ಯೂಟ್ ವಿಶ್ವ ಚಾಂಪಿಯನ್‌ಶಿಪ್ ಸೇರಿದ್ದು 1997ರಲ್ಲಿ. ನೆನಪಿಗೆ ಸುಲಭ, ನಮ್ಮ ಕೊಡವ ಕೌಟುಂಬಿಕ ಹಾಕಿ ಹಬ್ಬ ಕರಡದಲ್ಲಿ ಶುರುವಾದ ವರ್ಷ. ಒಲಿಂಪಿಕ್ಸ್‌ಗೆ ಬಂದಿದ್ದು 2002ರಲ್ಲಿ, ಸಾಲ್ಟ್ ಲೇಕ್ ಸಿಟಿಯಲ್ಲಿ. ನಾರ್ವೆಯ ಓಲೆ ಐನಾರ್ ಬ್ಯೋರ್ನ್‌ಡಾಲೆನ್ ಆ ಚಿನ್ನ ಗೆದ್ದರು. ಆ ಕೂಟದಲ್ಲಿ ಪುರುಷರಿಗಿದ್ದ ನಾಲ್ಕೂ ಬಯಾಥ್ಲಾನ್ ಚಿನ್ನ ಅವರ ಪಾಲಾದವು.

ಕಾಯಬೇಕಾ, ಹೊಡೀಬೇಕಾ?

ಒಂದು ಸಣ್ಣ ಲೆಕ್ಕ ಹಾಕೋಣ. ಶೂಟಿಂಗ್‌ಗೆ ಬಂದಾಗ ಎದೆ ಜೋರಾಗಿ ಬಡೀತಾ ಇರುತ್ತೆ. ನೀವು ಪ್ರತಿ ಸಲ ಮೂರು ಸೆಕೆಂಡ್ ಜಾಸ್ತಿ ಕಾದು, ಉಸಿರು ಹಿಡಿತಕ್ಕೆ ತಂದುಕೊಂಡು ಹೊಡೀತೀರಿ ಅಂತಿಟ್ಟುಕೊಳ್ಳಿ. ನಾಲ್ಕು ಸಲಕ್ಕೆ 12 ಸೆಕೆಂಡ್ ಖರ್ಚು. ಆ ಖರ್ಚಿನಿಂದ ಇಡೀ ರೇಸಿನಲ್ಲಿ ಒಂದೇ ಒಂದು ಗುಂಡು ಉಳಿದರೂ 22 ಸೆಕೆಂಡಿನ ದಂಡ ತಪ್ಪಿತು, 10 ಸೆಕೆಂಡ್ ಲಾಭ. ಹಾಗಾದರೆ ಎಲ್ಲರೂ ಕಾಯಬಹುದಲ್ವಾ?

ಕಾಗದದ ಮೇಲೆ ಹೌದು. ಆದರೆ ಪಕ್ಕದ ಲೇನಿನಲ್ಲಿ ಇನ್ನೊಬ್ಬ ಪಟಪಟ ಅಂತ ಐದೂ ಹೊಡೆದು ಎದ್ದು ಹೋಗೋದು ನಿಮ್ಮ ಕಿವಿಗೆ ಬೀಳ್ತಾ ಇರುತ್ತೆ. ಸ್ಪ್ರಿಂಟಿನಲ್ಲಿ ಎದುರಾಳಿ ಬರೀ ಗಡಿಯಾರದಲ್ಲಿರೋ ಒಂದು ನಂಬರ್. ಪರ್ಸ್ಯೂಟಿನಲ್ಲಿ ಅವನು ನಿಮ್ಮ ಪಕ್ಕದಲ್ಲೇ ನಿಂತಿರ್ತಾನೆ. ಲೆಕ್ಕ ಗೊತ್ತಿದ್ದವನೂ ಅಲ್ಲಿ ಲೆಕ್ಕ ತಪ್ಪೋದು ಅದಕ್ಕೇ.

ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಿ. ಮೆಟ್ಟಿಲು ನಾಲ್ಕು ಸಲ ಹತ್ತಿ ಇಳಿದು, ತಕ್ಷಣ ಸೂಜಿಗೆ ದಾರ ಪೋಣಿಸಿ. ಆಮೇಲೆ ಅದನ್ನೇ ತಮ್ಮನ ಜೊತೆ ಪಂದ್ಯ ಕಟ್ಟಿ ಮಾಡಿ. ಎರಡನೇ ಸಲ ಕೈ ಇನ್ನೂ ಜಾಸ್ತಿ ನಡುಗುತ್ತೆ.

ಎಲ್ಲ ಗೆದ್ದವನು ಸೋತ ಭಾನುವಾರ

ಈಗ 2018–19ರ ಸೀಸನ್‌ಗೆ ಬನ್ನಿ. ಅದಕ್ಕೂ ಮೊದಲು ಏಳು ವರ್ಷ ಸತತವಾಗಿ ವಿಶ್ವಕಪ್‌ನ ಒಟ್ಟಾರೆ ಪಟ್ಟ ಫ್ರಾನ್ಸಿನ ಮಾರ್ಟಿನ್ ಫೂರ್ಕಾಡ್ ಅವರದ್ದು. ವಿಶ್ವಕಪ್ ಅಂದರೆ ಇಲ್ಲಿ ಒಂದು ಪಂದ್ಯ ಅಲ್ಲ. ಚಳಿಗಾಲ ಪೂರ್ತಿ ಊರಿಂದ ಊರಿಗೆ ಹೋಗಿ ಓಡ್ತಾರೆ, ಪ್ರತಿ ರೇಸಿಗೂ ಅಂಕ. ಆಗ ಗೆದ್ದವರಿಗೆ 60 ಅಂಕ, 40ನೆಯವರಿಗೆ ಒಂದು. ಕೊನೆಗೆ ಒಟ್ಟು ಮೊತ್ತಕ್ಕೆ ದೊಡ್ಡ ಸ್ಫಟಿಕದ ಗ್ಲೋಬ್, ಪರ್ಸ್ಯೂಟಿನಂಥ ಒಂದೊಂದು ಬಗೆಗೆ ಒಂದೊಂದು ಸಣ್ಣ ಗ್ಲೋಬ್.

ಆ ಚಳಿಗಾಲ ನಾರ್ವೆಯ ಯೊಹಾನೆಸ್ ಥಿಂಗ್ನೆಸ್ ಬೋ 16 ರೇಸ್ ಗೆದ್ದರು. ಒಂದೇ ಸೀಸನ್‌ನಲ್ಲಿ ಯಾವ ಪುರುಷನೂ ಅಲ್ಲಿಯವರೆಗೆ ಅಷ್ಟು ಗೆದ್ದಿರಲಿಲ್ಲ. ದೊಡ್ಡ ಗ್ಲೋಬ್ ಅವರದ್ದು, ಪರ್ಸ್ಯೂಟಿನ ಗ್ಲೋಬೂ ಅವರದ್ದೇ.

ಮಾರ್ಚ್‌ನಲ್ಲಿ ಸ್ವೀಡನ್ನಿನ ಓಸ್ಟರ್‌ಸುಂಡ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಶನಿವಾರದ ಸ್ಪ್ರಿಂಟ್ ಬೋ ಗೆದ್ದರು. ಭಾನುವಾರ, 2019ರ ಮಾರ್ಚ್ 10, ಪರ್ಸ್ಯೂಟಿಗೆ ಎಲ್ಲರಿಗಿಂತ ಮೊದಲು ಹೊರಟವರು ಅವರೇ. ಕೊನೆಯ ಶೂಟಿಂಗ್‌ಗೆ ಬಂದಾಗಲೂ ಅವರೇ ಮುಂದೆ. ಉಳಿದಿದ್ದು ಐದು ಗುಂಡು. ಅಲ್ಲಿ ಗುರಿ ತಪ್ಪಿತು, ಒಂದಕ್ಕಿಂತ ಹೆಚ್ಚು ಸಲ. ಬೋ ದಂಡದ ಸುತ್ತು ಹಾಕ್ತಿರುವಾಗ ಉಕ್ರೇನಿನ ಡಿಮಿಟ್ರೊ ಪಿಡ್ರುಚ್ನಿ ಮುಂದೆ ಹೋದರು. ಚಿನ್ನ ಅವರಿಗೆ, ಬೋಗೆ ಬೆಳ್ಳಿ, ಫ್ರಾನ್ಸಿನ ಕ್ವಾಂಟಾ ಫಿಯೋ ಮಾಯೆಗೆ ಕಂಚು.

ಚಳಿಗಾಲ ಪೂರ್ತಿ ಕೂಡಿಟ್ಟ ಹೆಸರು ಆ ಐದು ಗುಂಡಿನ ಹೊತ್ತಿಗೆ ಸಹಾಯಕ್ಕೆ ಬರಲಿಲ್ಲ. ಹಾಗಂತ ಬೋ ಕಳಪೆಯಾಗಲಿಲ್ಲ, ಸೀಸನ್ ಅವರದ್ದೇ ಆಯ್ತು. ಗ್ಲೋಬ್ ಹೇಳೋದು ಚಳಿಗಾಲ ಪೂರ್ತಿಯ ಸರಾಸರಿ. ಪದಕ ಹೇಳೋದು ಆ ದಿನ, ಆ ಉಸಿರು.

ಮೂರು ವರ್ಷದ ನಂತರ ಬೀಜಿಂಗ್ ಒಲಿಂಪಿಕ್ಸ್, 2022ರ ಫೆಬ್ರವರಿ. ಸ್ಪ್ರಿಂಟ್ ಮತ್ತೆ ಬೋ ಗೆದ್ದರು, ಪರ್ಸ್ಯೂಟಿಗೆ ಮತ್ತೆ ಅವರೇ ಮೊದಲು ಹೊರಟರು. ಮುಗಿಸಿದ್ದು ಐದನೆಯವರಾಗಿ. ಚಿನ್ನ ಗೆದ್ದಿದ್ದು ಓಸ್ಟರ್‌ಸುಂಡ್‌ನಲ್ಲಿ ಕಂಚು ಪಡೆದ ಅದೇ ಫಿಯೋ ಮಾಯೆ. 20ಕ್ಕೆ 20 ಗುರಿ, ಒಂದೂ ದಂಡದ ಸುತ್ತಿಲ್ಲ.

ಪಿಡ್ರುಚ್ನಿ ಕೂಡ ಬೀಜಿಂಗ್‌ನಲ್ಲಿದ್ದರು. ಕೂಟ ಮುಗಿದಿದ್ದು ಫೆಬ್ರವರಿ 20ಕ್ಕೆ. 24ಕ್ಕೆ ಅವರ ದೇಶದ ಮೇಲೆ ಯುದ್ಧ. ಮಾರ್ಚ್‌ನಲ್ಲಿ ಅವರು ನ್ಯಾಷನಲ್ ಗಾರ್ಡ್ ಸಮವಸ್ತ್ರ ಹಾಕಿಕೊಂಡು ಊರು ಕಾಯೋಕೆ ನಿಂತಿದ್ದರು. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆಯಲ್ಲಿ ಕೂತು ಆ ಫೋಟೊ ನೋಡಿದಾಗ ನನಗೆ ಮಾತು ಬರಲಿಲ್ಲ. ಆಟದ ರೈಫಲ್ಲಿಗೂ ಇನ್ನೊಂದಕ್ಕೂ ನಡುವಿನ ಗೆರೆ ಎಷ್ಟು ತೆಳು ಅಂತ ಅನ್ನಿಸಿತು.

ನಮ್ಮ ಮೈದಾನದಲ್ಲಿ

ಕೊಡಗಿನಲ್ಲಿ ಕೋವಿ ಅಂದರೆ ಮನೆಯ ವಸ್ತು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಆಯುಧ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ವಿಷಯ ಬಂದಾಗೆಲ್ಲ ನಾವು ಮಾತಾಡೋದು ಹಕ್ಕಿನ ಬಗ್ಗೆ. ಹಕ್ಕು ಸರಿ. ಆದರೆ ನನ್ನ ವಯಸ್ಸಿನವರಲ್ಲಿ ಎಷ್ಟು ಜನಕ್ಕೆ ಕೋವಿ ಹಿಡಿಯೋ ಶಿಸ್ತು ಗೊತ್ತು? ಬಹಳಷ್ಟು ಜನ ಹಬ್ಬದ ದಿನ ಫೋಟೊಗೆ ಹಿಡೀತೀವಿ, ಮುಗೀತು. ನಾನೂ ಅದರಲ್ಲಿ ಒಬ್ಬ.

ಬಯಾಥ್ಲಾನ್‌ನಲ್ಲಿ ರೈಫಲ್ ಬೆನ್ನ ಮೇಲಿರುವಾಗ ಖಾಲಿ ಇರಬೇಕು. ನಳಿಗೆ ಗುರಿಯ ಕಡೆ ಬಿಟ್ಟು ಬೇರೆಲ್ಲಿಗೂ ತಿರುಗೋ ಹಾಗಿಲ್ಲ. ಸುರಕ್ಷತೆಯ ನಿಯಮ ಮುರಿದರೆ ಎಷ್ಟೇ ದೊಡ್ಡ ಚಾಂಪಿಯನ್ ಆದರೂ ಆಟದಿಂದ ಹೊರಗೆ ಹಾಕ್ತಾರೆ. ನನಗೆ ಇಷ್ಟವಾಗಿದ್ದು ಈ ಶಿಸ್ತು. ಎದೆ ಹಾರ್ತಿರುವಾಗಲೂ ಬೆರಳು ನಿಮ್ಮ ಮಾತು ಕೇಳಬೇಕು.

ಹಿಮ ಇಲ್ಲ ಅನ್ನೋದು ನೆಪ ಅಲ್ಲ. ಬೇಸಿಗೆಯಲ್ಲಿ ಅವರೇ ಗಾಲಿ ಇರುವ ಸ್ಕೀ ಹಾಕಿಕೊಂಡು ರಸ್ತೆ ಮೇಲೆ ಆಡ್ತಾರೆ. ಹಿಂದೆ ಬೇಸಿಗೆಯ ಚಾಂಪಿಯನ್‌ಶಿಪ್‌ಗಳು ಬರೀ ಓಟದಲ್ಲೂ ನಡೆದಿವೆ. ನಮ್ಮ ಮೈದಾನದಲ್ಲಿ ಓಟವೂ ಇದೆ, ತೆಂಗಿನಕಾಯಿಯೂ ಇದೆ. ಎರಡನ್ನೂ ಸೇರಿಸಿಲ್ಲ, ಅಷ್ಟೇ.

ಹೋದ ವಾರ ದೊಡ್ಡಪ್ಪನ ಹತ್ತಿರ ಒಂದು ಮಾತು ಇಟ್ಟೆ: ಈ ಸಲ ಹುಡುಗ ಹುಡುಗಿಯರಿಗೆ ಒಂದು ಹೊಸ ಪಂದ್ಯ ಮಾಡೋಣ. ಮೈದಾನ ಒಂದು ಸುತ್ತು ಓಡಿ ಬರೋದು. ಜಾಗದಲ್ಲೇ ಕಟ್ಟಿಟ್ಟ ಏರ್ ರೈಫಲ್, ಪಕ್ಕದಲ್ಲಿ ಒಬ್ಬ ತಿಳಿದವರು. ತಪ್ಪಿದರೆ ಇನ್ನೊಂದು ಸಣ್ಣ ಸುತ್ತು. ಮೊದಲು ಗೆರೆ ಮುಟ್ಟಿದವರಿಗೆ ಬಹುಮಾನ.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ನೀನೂ ಓಡ್ತೀಯಾ?"

ಓಡ್ತೀನಿ ಅಂದೆ. ಅದಕ್ಕೇ ಈಗ ದಿನಾ ಬೆಳಿಗ್ಗೆ ತೋಟದ ಏರಿ ಹತ್ತಿ ಬಂದು, ಬಾಗಿಲಲ್ಲೇ ನಿಂತು ಸೂಜಿಗೆ ದಾರ ಪೋಣಿಸ್ತಿದ್ದೀನಿ. ಅವ್ವ ಏನು ಅಂದುಕೊಂಡಿದ್ದಾರೋ ಗೊತ್ತಿಲ್ಲ. ನಿನ್ನೆ ಮೂರನೇ ಪ್ರಯತ್ನಕ್ಕೆ ದಾರ ಹೋಯ್ತು.

ನೀವೂ ಮಾಡಿ ನೋಡಿ, ಎಷ್ಟನೇ ಸಲಕ್ಕೆ ಆಯ್ತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡಿನಲ್ಲಿ ಸಿಗೋಣ.